ಪಲ್ಲಾವರದ ದೊಡ್ಡಹುಣಸೆಯ ಸುತ್ತಳತೆ

೨೦೨೪ನೆಯ ಇಸವಿ ಮೇ ತಿಂಗಳ ಮೂರನೆಯ ತಾರೀಖು, ಶುಕ್ರವಾರ. ಕ್ರೋಧಿ ಸಂವತ್ಸರದ ಚೈತ್ರ ಬಹುಳ ದಶಮಿ. ಪಂಚಾಂಗದ ಪ್ರಕಾರ ಅದು ವಸಂತ ಋತು. ಚೆನ್ನೈ ನಗರ ಮಾತ್ರ ಆ ಮಾತನ್ನು ಒಪ್ಪುವ ಸ್ಥಿತಿಯಲ್ಲಿರಲಿಲ್ಲ. ಅಲ್ಲಿಯವರು ಕತ್ತರಿ ಬಿಸಿಲೆಂದು ಕರೆಯುವ ಅಗ್ನಿನಕ್ಷತ್ರದ ಅವಧಿ ಮರುದಿನದಿಂದ ಆರಂಭವಾಗಬೇಕಿದ್ದರೂ ಬಿಸಿಲು ಒಂದು ದಿನ ಕಾಯುವಷ್ಟು ಸೌಜನ್ಯವನ್ನೂ ತೋರಿಸಿರಲಿಲ್ಲ. ಆಕಾಶದಲ್ಲಿ ಮೋಡದ ಸುಳಿವಿರಲಿಲ್ಲ. ಸಮುದ್ರದ ಗಾಳಿ ಮಧ್ಯಾಹ್ನಕ್ಕೆ ಮುಂಚೆ ಪಲ್ಲಾವರದವರೆಗೆ ಬರುವುದಿಲ್ಲ; ಆ ದಿನ ಮಧ್ಯಾಹ್ನದ ಮೇಲೂ ಬರಲಿಲ್ಲ.

ಸೀತಮ್ಮನವರು ಮೈಲಾಪೂರಿನಿಂದ ಸೈದಾಪೇಟೆಯವರೆಗೆ ಬಸ್ಸಿನಲ್ಲಿಯೂ, ಅಲ್ಲಿಂದ ಮುಂದೆ ಲೋಕಲ್ ರೈಲಿನಲ್ಲಿಯೂ ಬಂದು ಪಲ್ಲಾವರಂ ಸ್ಟೇಷನ್ನಿನಲ್ಲಿ ಇಳಿದರು. ಶುಕ್ರವಾರದ ಸಂತೆ ರಸ್ತೆಯ ಎರಡೂ ಬದಿಗೆ ಹರಡಿಕೊಂಡಿತ್ತು: ರೆಕ್ಕೆ ಬಾಗಿದ ಹಳೆಯ ಫ್ಯಾನುಗಳು, ಗುಲಾಬಿಯ ಸಸಿಗಳು, ಬುಟ್ಟಿಯಡಿಯಲ್ಲಿ ಚೀರುತ್ತಿದ್ದ ಕೋಳಿಮರಿಗಳು. ಅರವತ್ತಾರು ವರ್ಷದ ಆ ಹೆಂಗಸು ಇವು ಯಾವುದನ್ನೂ ನೋಡದೆ, ನೇರವಾಗಿ, ತುಸು ವೇಗವಾಗಿಯೇ ನಡೆದರು. ಅವರು ಹೊರಟಿದ್ದುದು ಒಂದು ಮರವನ್ನು ನೋಡಲು. ಆ ಮರವನ್ನು ಕಡಿಯಬೇಕೇ ಉಳಿಸಬೇಕೇ ಎಂಬುದು ಅದೇ ತಿಂಗಳು ತೀರ್ಮಾನವಾಗುವುದರಲ್ಲಿತ್ತು.

ಮರವಿದ್ದುದು ಕಂಟೋನ್ಮೆಂಟಿನ ಹಳೆಯ ಗೋಡೆಯ ಮಗ್ಗುಲಲ್ಲಿ. ಕನ್ನಡದಲ್ಲಿ ಅದನ್ನು ದೊಡ್ಡಹುಣಸೆ ಎನ್ನುತ್ತಾರೆ. ತಮಿಳರು ಆನೆಪುಳಿ ಎನ್ನುತ್ತಾರೆ. ವಿಜ್ಞಾನಿಗಳು ಬಾವೊಬಾಬ್ ಎನ್ನುತ್ತಾರೆ. ಹುಣಸೆಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಆಫ್ರಿಕದ ಮೂಲದ ಆ ಮರವನ್ನು ಪಲ್ಲಾವರಕ್ಕೆ ತಂದವರು ಯಾರು, ಯಾವಾಗ ತಂದರು ಎಂಬುದು ತಿಳಿಯದು. ಎತ್ತರ ವಿಶೇಷವೇನಲ್ಲ, ಗಾತ್ರವೇ ಅದರ ಸಂಪತ್ತು. ಆರೇಳು ಜನ ಕೈಕೈ ಹಿಡಿದು ನಿಂತರೂ ತಬ್ಬಲಾಗದ ಬೂದುಬಣ್ಣದ ಕಾಂಡ, ಅದರ ಮೇಲೆ ಬೇರುಗಳಂತೆ ತಿರುಚಿಕೊಂಡ ಕೊಂಬೆಗಳು. ಬೇಸಗೆಯಲ್ಲಿ ಒಂದು ಎಲೆಯೂ ಇರುವುದಿಲ್ಲವಾದ್ದರಿಂದ ತಿಳಿಯದವರು ಅದನ್ನು ಸತ್ತ ಮರವೆಂದೇ ಭಾವಿಸುತ್ತಾರೆ. ಮರದ ಬುಡದ ಉತ್ತರ ಭಾಗದಲ್ಲಿ, ಕಾಂಡಕ್ಕೆ ಒರಗಿಕೊಂಡಂತೆ, ಚಾವಣಿಯಿಲ್ಲದ ಒಂದು ಸಣ್ಣ ಶಿವಲಿಂಗವಿತ್ತು. ಅಭಿಷೇಕದ ನೀರು ಕಲ್ಲಿನ ಗೋಮುಖದಿಂದ ಇಳಿದು, ಒಂದು ಗೇಣು ಅಗಲದ ಕಾಲುವೆಯಲ್ಲಿ ಹರಿದು, ಆಚೆಯ ಕಣಗಿಲೆ ಗಿಡಗಳಿಗೆ ಸೇರುತ್ತಿತ್ತು.

೨೦೨೩ನೆಯ ಡಿಸೆಂಬರ್ ನಾಲ್ಕರಂದು, ಚಂಡಮಾರುತದ ಮಳೆಯಲ್ಲಿ, ಆ ಮರದ ಒಂದು ಕೊಂಬೆ ರಸ್ತೆಗೆ ಮುರಿದುಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಶಾಲೆಯ ಮಕ್ಕಳು ಓಡಾಡುವ ದಾರಿ. ಮರ ಒಳಗೆ ಕೊಳೆತಿದೆ, ಕಡಿಸಿಬಿಡಿ ಎಂದು ಸುತ್ತಲಿನವರು ಅರ್ಜಿ ಕೊಟ್ಟರು. ಮರಗಳ ವಿಷಯವನ್ನು ನೋಡಿಕೊಳ್ಳುವ ಸಮಿತಿ, ಮರ ಆರೋಗ್ಯವಾಗಿದೆಯೇ ಇಲ್ಲವೇ ಎಂದು ವಿಜ್ಞಾನಿಗಳ ಅಭಿಪ್ರಾಯ ಕೇಳಿತು. ಕೇಳಿದ್ದು ಡಾಕ್ಟರ್ ಭಾವನಾ ಅವರನ್ನು. ಈಕೆ ಸಸ್ಯವಿಜ್ಞಾನದ ಅಧ್ಯಾಪಕಿ. ಕುಂದಾಪುರದ ಕಡೆಯಿಂದ ಬಂದು ಪುರಸೈವಾಕ್ಕಂನಲ್ಲಿ ಮೂರು ತಲೆಮಾರಿನಿಂದ ಹೋಟೆಲು ನಡೆಸುತ್ತಿರುವ ಮನೆತನದ ಮಗಳು. ನಗರದ ಹಿರಿಯ ಮರಗಳನ್ನು ಅಳೆದು ದಾಖಲಿಸುವ ಒಂದು ಸ್ವಯಂಸೇವಕರ ಗುಂಪನ್ನು ಕಟ್ಟಿದವರೂ ಈಕೆಯೇ, ಸೀತಮ್ಮನವರು ಆ ಗುಂಪಿನಲ್ಲಿ ಮೊದಲಿನಿಂದ ಇದ್ದವರು.

ಸೀತಮ್ಮನವರು ಬಂದಾಗ ಭಾವನಾ ಮುಕ್ಕಾಲಿಯ ಮೇಲಿನ ಯಂತ್ರವೊಂದನ್ನು ಬಿಚ್ಚಿ ಪೆಟ್ಟಿಗೆಗೆ ಸೇರಿಸುತ್ತಿದ್ದರು. ಅದು ಲೇಸರ್ ಕಿರಣಗಳನ್ನು ಎಲ್ಲ ದಿಕ್ಕಿಗೂ ಬೀರಿ, ಅವು ಹಿಂತಿರುಗುವ ಹೊತ್ತನ್ನು ಅಳೆದು, ಮರದ ಮೈಯನ್ನು ಲಕ್ಷಾಂತರ ಚುಕ್ಕೆಗಳಲ್ಲಿ ಬರೆದುಕೊಳ್ಳುವ ಯಂತ್ರ.

"ಬನ್ನಿ ಸೀತಕ್ಕ, ಮೊದಲು ಕೂತ್ಕೊಳ್ಳಿ. ನೀರು ಕೊಡ್ಲಾ?"

"ನೀರು ಆಮೇಲೆ. ಸುತ್ತಳತೆ ಎಷ್ಟು ಬಂತು, ಅದನ್ನ ಹೇಳಮ್ಮ."

"ಹನ್ನೊಂದು ಮೀಟರ್ ಹತ್ತು ಸೆಂಟಿಮೀಟರ್."

"ಆಗಲ್ಲ."

"ನಾನೂ ಹಾಗೇ ಅಂದ್ಕೊಂಡೆ ಮಾರಾಯ್ರೆ. ಯಂತ್ರ ಬೇರೆ ಬೇರೆ ಕಡೆ ಇಟ್ಟು ನೋಡಿದೆ. ಅದೇ ಬರ್ತದೆ."

"ಹನ್ನೊಂದು ಅರವತ್ನಾಲ್ಕು," ಎಂದರು ಸೀತಮ್ಮನವರು. "ನಾನೇ ಅಳೆದಿದ್ದು. ಎರಡು ಸಾವಿರದ ಹತ್ತೊಂಬತ್ತು, ಮಾರ್ಚ್ ಹದಿನೇಳು, ಭಾನುವಾರ."

"ಗೊತ್ತುಂಟು. ನಿಮ್ಮ ಅಳತೆ ತಪ್ಪು ಅಂತ ನಾನು ಹೇಳ್ಲಿಲ್ಲ. ಅದೇ ಈಗ ತೊಂದರೆ."

ತೊಂದರೆ ಏನೆಂಬುದನ್ನು ಭಾವನಾ ನೆರಳಿನಲ್ಲಿ ಕುಳಿತು ವಿವರಿಸಿದರು. ಬೇರೆ ಮರಗಳಾದರೆ ಕಾಂಡಕ್ಕೆ ಟೊಳ್ಳು ಬೈರಿಗೆ ಹಾಕಿ, ಪೆನ್ಸಿಲಿನಷ್ಟು ದಪ್ಪದ ಕಡ್ಡಿಯನ್ನು ತೆಗೆದು, ಉಂಗುರಗಳನ್ನು ಎಣಿಸಬಹುದು. ದೊಡ್ಡಹುಣಸೆಯ ಉಂಗುರಗಳು ನಂಬಿಕೆಗೆ ಅರ್ಹವಲ್ಲ. ನಡುಭಾಗ ಸಾಮಾನ್ಯವಾಗಿ ಟೊಳ್ಳು. ಕಾಂಡದ ಸುತ್ತ ಮೊಳೆಗಳನ್ನು ಹೊಡೆದು ಸುತ್ತಿಗೆಯಿಂದ ತಟ್ಟಿ, ಸದ್ದು ಒಳಗೆ ಸಾಗುವ ವೇಗದಿಂದ ಮರದ ಗಟ್ಟಿತನವನ್ನು ತಿಳಿಯುವ ಪರೀಕ್ಷೆಯೂ ಆಗಿತ್ತು. ಅದು ಟೊಳ್ಳೆಂದೇ ಹೇಳಿತು. ಆದರೆ ಈ ಜಾತಿಯಲ್ಲಿ ಟೊಳ್ಳು ರೋಗವಲ್ಲ, ಸ್ವಭಾವ. ಉಳಿದದ್ದು ಸುತ್ತಳತೆಯೊಂದೇ. ಈ ಮರದ ಮೈ ನೀರಿನ ತೊಟ್ಟಿ ಇದ್ದ ಹಾಗೆ. ಮಳೆಗಾಲದಲ್ಲಿ ತುಸು ಉಬ್ಬುತ್ತದೆ, ಬೇಸಗೆಯಲ್ಲಿ ತುಸು ಸೊರಗುತ್ತದೆ. ಅದು ಕೆಲವೇ ಸೆಂಟಿಮೀಟರುಗಳ ಮಾತು. ಐದು ವರ್ಷಗಳಲ್ಲಿ ಅರ್ಧ ಮೀಟರಿಗಿಂತ ಹೆಚ್ಚು ಕುಗ್ಗಿದ ಮರ ಒಳಗಿನಿಂದ ಕುಸಿಯುತ್ತಿದೆ ಎಂದೇ ಅರ್ಥ.

"ಹಾಗೆ ಕುಗ್ಗಿದ ಮರ ಒಂದು ದಿನ ಪೂರ್ತಿ ಕೂತುಬಿಡ್ತದೆ, ಸೀತಕ್ಕ. ಗಾಳಿಯೂ ಬೇಡ. ಶಾಲೆ ಬಿಡುವ ಹೊತ್ತಿಗೆ ಕೂತ್ರೆ? ನಾನು ಹೇಗೆ 'ಇರಲಿ' ಅಂತ ಬರೆದುಕೊಡ್ಲಿ?"

"ಸಮಿತಿ ಯಾವತ್ತು?"

"ಇಪ್ಪತ್ತೊಂದು, ಮಂಗಳವಾರ."

ಸೀತಮ್ಮನವರು ಮರವನ್ನು ನೋಡಿದರು. ಅವರ ಕಣ್ಣಿಗೆ ಅದು ಕುಗ್ಗಿದಂತೆ ಕಾಣಲಿಲ್ಲ. ಆದರೆ ಕಣ್ಣಿನ ಅಂದಾಜಿಗೆ ಅವರು ತಮ್ಮ ಜೀವನದಲ್ಲಿ ಎಂದೂ ಬೆಲೆ ಕೊಟ್ಟವರಲ್ಲ.

ಅವರು ಹುಟ್ಟಿದ್ದು ೧೯೫೭ನೆಯ ಅಕ್ಟೋಬರ್ ಹನ್ನೊಂದರಂದು, ನಂಜನಗೂಡಿನಲ್ಲಿ. ತಾಯಿ ಬೇಗ ತೀರಿಕೊಂಡದ್ದರಿಂದ ಬೆಳೆಸಿದವರು ಅಜ್ಜಿ. ಆಕೆ ದಿನವೂ ಮೊಮ್ಮಗಳ ಕೈ ಹಿಡಿದು ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲಿ ಹೇಗೆ ನಿಲ್ಲಬೇಕು, ಎಲ್ಲಿ ತಿರುಗಬೇಕು, ಯಾವುದನ್ನು ತುಳಿಯಬಾರದು ಎಂಬುದೆಲ್ಲ ಓದು ಬರಹಕ್ಕೆ ಮುಂಚೆಯೇ ಹುಡುಗಿಯ ಕಾಲಿಗೆ ಅಭ್ಯಾಸವಾಯಿತು. ಮೈಸೂರಿನಲ್ಲಿ ಗಣಿತದ ಪದವಿ ಪಡೆದು, ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿದ್ದ ಗಿರಿಧರ್ ಅವರನ್ನು ಮದುವೆಯಾಗಿ, ಮದರಾಸಿಗೆ ಬಂದರು. ೧೯೭೯ನೆಯ ಜುಲೈ ಎರಡರಂದು ಒಂದು ವಿಮಾ ಕಂಪನಿಯಲ್ಲಿ ಗುಮಾಸ್ತೆಯಾಗಿ ಸೇರಿದರು. ೨೦೧೭ನೆಯ ಅಕ್ಟೋಬರ್ ಮೂವತ್ತೊಂದರಂದು ಅಲ್ಲಿಯೇ ನಿವೃತ್ತರಾದರು.

ಅಷ್ಟೂ ಕಾಲ ಅವರ ಮುಖ್ಯ ಕೆಲಸ ಜನರ ವಯಸ್ಸನ್ನು ಪರಿಶೀಲಿಸುವುದು. ಪಾಲಿಸಿ ಮಾಡಿಸುವವರು ತಂದ ಜಾತಕ, ಶಾಲೆಯ ಪತ್ರ, ಚರ್ಚಿನ ದಾಖಲೆ ಇವೆಲ್ಲ ಅವರ ಮೇಜಿನ ಮೇಲೆ ಹಾದುಹೋಗಬೇಕಿತ್ತು. ಆರಂಭದ ದಿನ, ಕೊನೆಯ ದಿನ ಎರಡನ್ನೂ ಸೇರಿಸಿ ಎಣಿಸಬೇಕೆಂಬುದು ಆ ಕಚೇರಿಯ ಕಟ್ಟಳೆ. ಸೀತಮ್ಮನವರು ಅದನ್ನು ಮನೆಗೂ ತಂದರು. ಊರಿಗೆ ಹೋದರೆ ಹೊರಟ ದಿನವನ್ನೂ ಬಂದ ದಿನವನ್ನೂ ಸೇರಿಸಿಯೇ ಹಾಲಿನವನಿಗೆ ಹೇಳುತ್ತಿದ್ದರು. ಏನೂ ಬಿಟ್ಟುಹೋಗಬಾರದು ಎಂಬುದು ಅವರ ನಡೆನುಡಿಯ ಮೂಲಸೂತ್ರವಾಗಿತ್ತು. ಅವರು ಒಮ್ಮೆ ಬರೆದ ಅಂಕಿಯನ್ನು ತಿದ್ದಿದ ಸಂದರ್ಭವಿಲ್ಲವೆಂದು ಬೀಳ್ಕೊಡುಗೆಯ ದಿನ ಮ್ಯಾನೇಜರು ಹೇಳಿದ ಮಾತನ್ನು ಅವರು ಹೊಗಳಿಕೆಯೆಂದು ತಿಳಿಯದೆ ವರದಿಯೆಂದೇ ಸ್ವೀಕರಿಸಿದರು.

ನಿವೃತ್ತಿಯ ನಂತರ ಭಾವನಾ ಅವರ ಗುಂಪಿಗೆ ಸೇರಿದ್ದು ಒಂದು ಉಪನ್ಯಾಸ ಕೇಳಿದ ಮೇಲೆ. ಮರದ ವಯಸ್ಸನ್ನು ಕಂಡುಹಿಡಿಯಲು ಜಗತ್ತಿನೆಲ್ಲೆಡೆ ಮೊದಲು ಅಳೆಯುವುದು ಎದೆಯ ಎತ್ತರದ ಸುತ್ತಳತೆಯನ್ನು, ನೆಲದಿಂದ ಒಂದು ಮೀಟರು ಮೂವತ್ತು ಸೆಂಟಿಮೀಟರು ಮೇಲೆ, ಎಂದು ಕೇಳಿದ್ದೇ ಅವರ ಕುತೂಹಲ ಕೆರಳಿತು. "ಮನುಷ್ಯರ ಹತ್ರ ಬರ್ತ್ ಸರ್ಟಿಫಿಕೇಟ್ ಕೇಳಿ ಕೇಳಿ ಸಾಕಾಯ್ತು, ಈಗ ಮರದ ಹತ್ರ ಕೇಳೋಕೆ ಹೊರಟಿದ್ದಾಳೆ," ಎಂದು ಗಿರಿಧರ್ ಮನೆಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಅವರು ಅಳೆದ ಮೊದಲ ಮರ ಪಲ್ಲಾವರದ ದೊಡ್ಡಹುಣಸೆ. ಆಮೇಲೆ ನಗರದ ಎಷ್ಟೋ ಆಲ, ಹಿಪ್ಪೆ, ಮಳೆಮರಗಳನ್ನು ಅಳೆದರು. ಎಲ್ಲ ಅಳತೆಗಳನ್ನೂ ಬೇರೆಯವರು ಮತ್ತೆ ಅಳೆದು ಒಪ್ಪಿದರು. ದೊಡ್ಡಹುಣಸೆಯೊಂದನ್ನು ಮಾತ್ರ ಯಾರೂ ಎರಡನೆಯ ಸಲ ಟೇಪಿನಿಂದ ಅಳೆದಿರಲಿಲ್ಲ. ಆ ಮರದ ಮೇಲೆ ತಮಗೆ ಪ್ರೀತಿಯೆಂದು ಸೀತಮ್ಮನವರು ಯಾರಲ್ಲಿಯೂ ಹೇಳಿದವರಲ್ಲ. ಆದರೂ ಆ ಕಡೆ ಯಾವ ಕೆಲಸವಿದ್ದರೂ ಮೊಸರನ್ನದ ಡಬ್ಬಿಯನ್ನು ಅದರ ನೆರಳಿಗೆ ಬರುವವರೆಗೆ ಬಿಚ್ಚುತ್ತಿರಲಿಲ್ಲ.

ಆ ಶುಕ್ರವಾರ ಸಂಜೆ ಮೈಲಾಪೂರಿನ ಮನೆಯಲ್ಲಿ ಅವರು ಟೇಪನ್ನು ಊಟದ ಮೇಜಿನ ಮೇಲೆ ಬಿಚ್ಚಿ, ಬಡಗಿಯಿಂದ ತರಿಸಿದ ಉಕ್ಕಿನ ಪಟ್ಟಿಯ ಪಕ್ಕದಲ್ಲಿಟ್ಟು, ಉದ್ದಕ್ಕೂ ಪರೀಕ್ಷಿಸಿದರು. ಟೇಪು ಹಿಗ್ಗಿರಲಿಲ್ಲ. ಗಿರಿಧರ್ ಕಾಫಿ ಹಿಡಿದು ಬಾಗಿಲಲ್ಲಿ ನಿಂತು ನೋಡಿದರು.

"ಸೀತಾ, ಒಂದು ಮಾತು ಹೇಳಲಾ? ಬೈಬೇಡ."

"ಬೈಯೋ ಮಾತಾದ್ರೆ ಬೈತೀನಿ."

"ಆ ಹುಡುಗಿಗೆ ಒಂದು ಫೋನ್ ಮಾಡು. ಅವತ್ತು ಟೇಪು ಜೋಲುಬಿದ್ದಿತ್ತು ಕಣಮ್ಮ ಅನ್ನು. ಮುಗೀತು. ಮರ ಕುಗ್ಗಿಲ್ಲ, ಯಾರೂ ಕಡಿಯಲ್ಲ."

"ಜೋಲುಬಿದ್ದಿರಲಿಲ್ಲ."

"ನಿಂಗೆ ಮರ ಬೇಕೋ, ಐವತ್ನಾಲ್ಕು ಸೆಂಟಿಮೀಟರು ಬೇಕೋ?"

ಸೀತಮ್ಮನವರು ಟೇಪನ್ನು ಸುತ್ತಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ಅಳತೆ ಸರಿಯೆಂದರೆ ಮರ ಸಾಯುತ್ತಿದೆ. ಮರ ಚೆನ್ನಾಗಿದೆಯೆಂದರೆ ಅಳತೆ ತಪ್ಪು. ಒಂದು ಮಾತು ಹೇಳಿದರೆ ಮರ ಉಳಿಯಬಹುದಿತ್ತು. ಆದರೆ ಆ ಮಾತು ಸುಳ್ಳೆಂದು ಅವರು ನಂಬಿದ್ದರು. ಮೇಲಾಗಿ ಮರ ನಿಜವಾಗಿ ಕುಸಿಯುತ್ತಿದ್ದರೆ, ಆ ಸುಳ್ಳು ಶಾಲೆಯ ಮಕ್ಕಳ ತಲೆಯ ಮೇಲೆ ಬೀಳುವಂಥದ್ದು.

"ಸುಳ್ಳು ಹೇಳಿ ನಿಲ್ಲಿಸಿದ ಮರದ ಕೆಳಗೆ ನಾನು ಹೇಗ್ರೀ ಕೂತ್ಕೊಳ್ಲಿ?" ಎಂದರು ಕೊನೆಗೆ.

"ಕಾಫಿ ಆರತ್ತೆ, ಕುಡಿ," ಎಂದರು ಗಿರಿಧರ್.

ಮರುದಿನ ಮೋಹನ್ ಫೋನ್ ಮಾಡಿದರು. ಮೋಹನ್ ಬ್ಯಾಂಕೊಂದರಲ್ಲಿ ಅಧಿಕಾರಿ; ೨೦೧೯ರಲ್ಲಿ ಟೇಪಿನ ಸೊನ್ನೆಯ ತುದಿಯನ್ನು ಹಿಡಿದು ನಿಂತು, ಸೀತಮ್ಮನವರು ಕೂಗಿ ಹೇಳಿದ ಮೊತ್ತವನ್ನು ಬರೆದುಕೊಂಡವರು ಅವರೇ. ಮನೆಯ ಮಾತು ಕನ್ನಡವಾದರೂ ಓದಿದ್ದೆಲ್ಲ ತಮಿಳುನಾಡಿನಲ್ಲಿ. ಕನ್ನಡದಲ್ಲಿ ಆರಂಭಿಸಿದ ವಾಕ್ಯ ತಮಿಳಿನಲ್ಲಿ ಮುಗಿಯುತ್ತಿತ್ತು.

"ಮಾಮಿ, ನಾನೇ ತಪ್ಪಾಗಿ ಬರ್ಕೊಂಡೆ ಅಂತ ಸೊಲ್ಲಿಡಟ್ಟುಮಾ? ಹೇಳಿಬಿಡ್ಲಾ? ನನಗೆ ಒಂದು ಪ್ರಾಬ್ಲೆಮ್ಮೂ ಇಲ್ಲೆ."

"ನೀನು ತಪ್ಪಾಗಿ ಬರ್ಕೊಂಡೆಯಾ?"

"ಇಲ್ಲೆ ಮಾಮಿ. ಹನ್ನೊಂದು ಅರವತ್ನಾಲ್ಕು ಅಂತ ನೀವು ಎರಡು ಸಲ ಹೇಳಿದ್ರಿ. ಮೂರನೇ ಸಲ ನನ್ನ ಕೈಲಿ ಹೇಳಿಸಿದ್ರಿ."

"ಮತ್ತೆ? ಚುಮ್ಮಾ ಇರು."

ಎಂಟನೆಯ ತಾರೀಖು ಭಾವನಾ ಅವರಿಂದಲೇ ಕರೆ ಬಂತು. ವರದಿ ಕೊಡುವ ಮುಂಚೆ ಒಂದು ಕೊರತೆಯನ್ನು ತುಂಬಬೇಕಿತ್ತು. ೨೦೧೯ರದು ಟೇಪಿನ ಅಳತೆ, ೨೦೨೪ರದು ಯಂತ್ರದ ಅಳತೆ; ಎರಡು ವಿಧಾನಗಳನ್ನು ಹೋಲಿಸಿ ಒಂದು ಮರಕ್ಕೆ ಮರಣಪತ್ರ ಬರೆಯುವುದು ವಿಜ್ಞಾನದ ಕ್ರಮವಲ್ಲ. ಆದ್ದರಿಂದ ಅದೇ ವ್ಯಕ್ತಿ, ಅದೇ ಟೇಪಿನಿಂದ, ಅಂದು ಅಳೆದಂತೆಯೇ ಇನ್ನೊಮ್ಮೆ ಅಳೆಯಬೇಕು. "ಒಂದು ಚೂರೂ ಬದಲಾಯಿಸ್ಬೇಡಿ ಸೀತಕ್ಕ. ಅವತ್ತು ಹೇಗೆ ಮಾಡಿದ್ರೋ ಹಾಗೇ," ಎಂದು ಅವರು ಒತ್ತಿ ಹೇಳಿದರು. ಬೇರೆ ರೀತಿಯಲ್ಲಿ ಮಾಡುವುದು ಸಾಧ್ಯವೆಂಬುದು ಸೀತಮ್ಮನವರಿಗೆ ಹೊಳೆದಿರಲಿಲ್ಲ.

ಅದು ನಡೆದದ್ದು ಮೇ ಹನ್ನೆರಡು, ಭಾನುವಾರ. ಅಂದು ಶಂಕರ ಜಯಂತಿ. ಮರದ ಬುಡದ ಲಿಂಗಕ್ಕೆ ಬೆಳಗ್ಗೆಯೇ ಅಭಿಷೇಕವಾಗಿ, ಕಾಲುವೆಯಲ್ಲಿ ಹಾಲು ಬೆರೆತ ನೀರು ಇನ್ನೂ ಸಣ್ಣಗೆ ಹರಿಯುತ್ತಿತ್ತು. ಸೀತಮ್ಮನವರು ಚಪ್ಪಲಿಯನ್ನು ದೂರದಲ್ಲಿ ಬಿಟ್ಟು, ಕೈಮುಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮೋಹನ್ ಹಿಂದಿನಂತೆಯೇ ಮರದ ದಕ್ಷಿಣದ ಬದಿಯಲ್ಲಿ, ಎದೆಯ ಎತ್ತರದಲ್ಲಿ, ಸೊನ್ನೆಯ ತುದಿಯನ್ನು ತೊಗಟೆಗೆ ಒತ್ತಿ ಹಿಡಿದರು. ಅಲ್ಲಿಂದ ಉತ್ತರದ ಬದಿ ಕಾಣುವುದಿಲ್ಲ. ಕಾಂಡದ ಗಾತ್ರ ಅಂಥದ್ದು. ಭಾವನಾ ಮಾತ್ರ ಈ ಸಲ ಸೀತಮ್ಮನವರ ಬೆನ್ನ ಹಿಂದೆಯೇ ನಡೆದರು.

ಸೀತಮ್ಮನವರು ಟೇಪನ್ನು ಬಿಗಿಯಾಗಿ ಎಳೆದುಕೊಂಡು, ಪ್ರದಕ್ಷಿಣೆಯ ಕ್ರಮದಲ್ಲಿ, ಪಶ್ಚಿಮವನ್ನು ಬಳಸಿ ಉತ್ತರಕ್ಕೆ ಬಂದರು. ಕಾಲುವೆಯ ಈಚೆಯ ದಡದಲ್ಲಿ ಕಾಲುಗಳನ್ನು ಜೋಡಿಸಿ ನಿಂತರು. ಅಲ್ಲಿ, ಟೇಪಿನ ರೇಖೆಗೆ ಸ್ವಲ್ಪ ಮೇಲೆ, ಕಾಂಡದಲ್ಲಿ ಒಂದು ದೊಡ್ಡ ಗಂಟಿತ್ತು. ಕಾಲನ್ನು ಕದಲಿಸದೆ, ಕೈಯನ್ನು ಚಾಚಿ, ಗಂಟಿನ ಆಚೆಯ ಅಂಚಿನವರೆಗೆ ಟೇಪನ್ನು ಮುಟ್ಟಿಸಿ, ಅಂಕಿಯನ್ನು ಓದಿಕೊಂಡರು: ಆರು ಮೀಟರು ಎರಡು ಸೆಂಟಿಮೀಟರು. ಆಮೇಲೆ ಟೇಪನ್ನು ಸುತ್ತಿಕೊಳ್ಳುತ್ತ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು, ಮೋಹನ್ ಅವರನ್ನು ದಾಟಿ, ಪೂರ್ವದ ಬದಿಯಿಂದ ಮತ್ತೆ ಕಾಲುವೆಯ ದಡಕ್ಕೆ, ಇನ್ನೊಂದು ದಡಕ್ಕೆ, ಬಂದರು. ಅಲ್ಲಿಯೂ ಕೈ ಚಾಚಿ ಗಂಟಿನ ಆಚೆಯ ಅಂಚನ್ನು ಮುಟ್ಟಿಸಿದರು: ಐದು ಅರವತ್ತೊಂದು.

ಎರಡನ್ನೂ ಕೂಡಿಸಿದ ಕೂಡಲೇ ಅವರ ದನಿ ಏರಿತು.

"ಹನ್ನೊಂದು ಅರವತ್ಮೂರು! ಬರ್ಕೋ ಮೋಹನ್! ಎಲ್ಲಮ್ಮ ಕುಗ್ಗಿದೆ ಮರ? ಒಂದೇ ಒಂದು ಸೆಂಟಿಮೀಟರು!"

"ಮೆಷಿನ್ ಔಟ್!" ಎಂದು ಮೋಹನ್ ಆ ಬದಿಯಿಂದ ಕೂಗಿದರು. "ಮಾಮಿ, ಸೂಪರ್!"

ಭಾವನಾ ನಗಲಿಲ್ಲ. ಅವರು ಗಂಟನ್ನೂ ಕಾಲುವೆಯನ್ನೂ ನೋಡುತ್ತಿದ್ದರು.

"ಸೀತಕ್ಕ, ನೀವು ಅರ್ಧಕ್ಕೆ ಹಿಂದೆ ಬಂದದ್ದು ಯಾಕೆ?"

"ಹತ್ತು ಮೀಟರ್ ಟೇಪು ಅಲ್ವಾ? ಒಂದೇ ಸುತ್ತಿಗೆ ಪತ್ತಾದು," ಎಂದು ಮೋಹನ್ ಅಲ್ಲಿಂದಲೇ ಉತ್ತರ ಕೊಟ್ಟರು. ಟೇಪು ಸಾಲದೆಂದೇ ಅವರು ಐದು ವರ್ಷಗಳಿಂದ ತಿಳಿದಿದ್ದರು.

"ಟೇಪು ಹತ್ತು ಮೀಟರ್. ಇವರು ತಿರುಗಿದ್ದು ಆರಕ್ಕೆ."

ಚಪ್ಪಲಿಯನ್ನು ಹೊರಗೆ ಏಕೆ ಬಿಡುತ್ತಾರೆಂದು ಯಾರೋ ಕೇಳಿದ ಹಾಗೆ ಸೀತಮ್ಮನವರು ಭಾವನಾ ಅವರ ಮುಖ ನೋಡಿದರು.

"ಸೋಮಸೂತ್ರ ಇದೆಯಲ್ಲಮ್ಮ ಇಲ್ಲಿ. ಅದನ್ನ ಯಾರಾದ್ರೂ ದಾಟ್ತಾರಾ?"

ಶಿವನ ಅಭಿಷೇಕದ ನೀರು ಹರಿಯುವ ಕಾಲುವೆಯನ್ನು ದಾಟಬಾರದು. ಅದರವರೆಗೆ ಹೋಗಿ, ಹಿಂದಿರುಗಿ, ಇನ್ನೊಂದು ಕಡೆಯಿಂದ ಅದರವರೆಗೇ ಬಂದರೆ ಪ್ರದಕ್ಷಿಣೆ ಪೂರ್ತಿಯಾಗುತ್ತದೆ. ನಂಜನಗೂಡಿನ ಅಜ್ಜಿ ಕಲಿಸಿದ್ದು ಇದನ್ನೇ. ಮರವನ್ನು ಅಳೆಯುವಾಗ ಸೀತಮ್ಮನವರು ಅದನ್ನು ನಿಯಮವೆಂದು ನೆನಪಿಸಿಕೊಂಡಿರಲೂ ಇಲ್ಲ. ಕಾಲು ತಾನಾಗಿ ನಿಂತಿತ್ತು, ತಾನಾಗಿ ತಿರುಗಿತ್ತು.

"ಸರಿ, ದಾಟೋದು ಬೇಡ," ಎಂದರು ಭಾವನಾ. "ಆ ಕಡೆಯಿಂದ ಬಂದಾಗ ಎಲ್ಲಿ ತನಕ ಅಳೆದ್ರಿ?"

"ಗಂಟಿನ ತನಕ."

"ಗಂಟಿನ ಯಾವ ಬದಿ?"

"ಗಂಟನ್ನ ಪೂರ್ತಿ ಸೇರಿಸಿ."

"ಈ ಕಡೆಯಿಂದ ಬಂದಾಗ?"

"ಆಗ್ಲೂ ಪೂರ್ತಿ ಸೇರಿಸಿ. ಏನೂ ಬಿಟ್ಟುಹೋಗ್ಬಾರ್ದಲ್ಲ, ಅದಕ್ಕೆ…"

ವಾಕ್ಯ ಅಲ್ಲಿಗೇ ನಿಂತಿತು. ಗಣಿತದ ಪದವೀಧರೆಗೆ ಉಳಿದದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅವರು ಮೋಹನ್ ಅವರನ್ನು ಈ ಬದಿಗೆ ಕರೆದು, ಟೇಪನ್ನು ಅವರ ಕಡೆಗೆ ಚಾಚಿದರು.

"ಗಂಟು ಎಷ್ಟು ಅಗಲ ಇದೆ, ಅಳೆ."

"ನಾನ್ ದಾಟಬಹುದಾ ಮಾಮಿ? ಪಾವಂ ಗೀವಂ ಬರಲ್ಲ ತಾನೆ?"

"ಪಾಪ ಬಂದ್ರೆ ಬ್ಯಾಂಕಲ್ಲಿ ಬೇಕಾದಷ್ಟು ಮಾಡಿದೀಯ, ಅದರ ಜೊತೆ ಸೇರ್ಕೊಳ್ಳತ್ತೆ. ಅಳೆ ಮೊದ್ಲು."

ಮೋಹನ್ ಕಾಲುವೆಯನ್ನು ದಾಟಿ ನಿಂತು ಅಳೆದರು. ಗಂಟಿನ ಅಗಲ ಐವತ್ತೆರಡು ಸೆಂಟಿಮೀಟರು. ಆಮೇಲೆ ಸೀಮೆಸುಣ್ಣದ ಗುರುತು ಹಾಕಿ, ಕಾಂಡದ ಸುತ್ತ ಪೂರ್ತಿಯಾಗಿ ಟೇಪು ಹಿಡಿದು ಬಂದರು: ಹನ್ನೊಂದು ಮೀಟರು ಹನ್ನೊಂದು ಸೆಂಟಿಮೀಟರು. ಯಂತ್ರ ಹೇಳಿದ್ದಕ್ಕೂ ಇದಕ್ಕೂ ಒಂದು ಸೆಂಟಿಮೀಟರಿನ ವ್ಯತ್ಯಾಸ. ತೊಗಟೆಯ ಏರುತಗ್ಗಿನಲ್ಲಿ ಅಷ್ಟು ಸಹಜ.

ಸೀತಮ್ಮನವರು ನೆರಳಿಗೆ ಬಂದು ಕುಳಿತರು. ಅವರ ಮುಖದಲ್ಲಿ ವಿಶೇಷವೇನೂ ಕಾಣಲಿಲ್ಲ. ಸೆರಗನ್ನು ಸೊಂಟದಿಂದ ತೆಗೆದು ಹೊದ್ದುಕೊಂಡರು, ಅಷ್ಟೇ.

"ಸೀತಕ್ಕ, ನಿಮಗೆ ಅರ್ಥ ಆಯ್ತಾ ಎಂತ ಆದದ್ದು ಅಂತ?" ಭಾವನಾ ಪಕ್ಕದಲ್ಲಿ ಕುಳಿತು ಕೇಳಿದರು. ಅವರ ದನಿಯಲ್ಲಿ ಉತ್ಸಾಹವಿತ್ತು.

"ಆಯ್ತು. ಐದು ವರ್ಷದಿಂದ ತಪ್ಪು ಅಂಕಿ ಇಟ್ಕೊಂಡು ಕೂತಿದೀವಿ."

"ಅದಲ್ಲ. ಅವತ್ತೂ ಗಂಟು ಎರಡು ಸಲ, ಇವತ್ತೂ ಗಂಟು ಎರಡು ಸಲ. ಅವತ್ತು ಅರವತ್ನಾಲ್ಕು, ಇವತ್ತು ಅರವತ್ಮೂರು. ತಪ್ಪು ಎರಡೂ ಸಲ ಒಂದೇ ಆದ್ರೆ ಮರ ಏನಾಗಿದೆ? ಇದ್ದ ಹಾಗೇ ಇದೆ! ಬೇರೆ ಯಾರಾದ್ರೂ ಆಗಿದ್ರೆ ಒಂದು ಸಲ ಒಂದು ಥರ, ಇನ್ನೊಂದು ಸಲ ಇನ್ನೊಂದು ಥರ ಅಳೆದು ನಮ್ಮನ್ನ ಬಾವಿಗೆ ಹಾಕ್ತಿದ್ರು."

"ಸಮಾಧಾನ ಹೇಳ್ಬೇಡ ಭಾವನಾ."

"ಸಮಾಧಾನ ಅಲ್ಲ ಮಾರಾಯ್ರೆ, ಲೆಕ್ಕ."

ಲೆಕ್ಕವೆಂದಮೇಲೆ ಸೀತಮ್ಮನವರು ಅದನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಮಾಡಿ ನೋಡಿದರು. ಲೆಕ್ಕ ಸರಿಯಾಗಿತ್ತು. ಎರಡು ಅಳತೆಗಳೂ ಎಲೆ ಉದುರಿದ ಬೇಸಗೆಯವೇ ಆದ್ದರಿಂದ ಋತುವಿನ ತಕರಾರೂ ಇರಲಿಲ್ಲ.

"ವರದಿಯಲ್ಲಿ ಏನಂತ ಬರೀತೀಯ?"

"ಹಳೆಯ ಅಳತೆ ಬೇರೆ ವಿಧಾನದ್ದು, ಹೋಲಿಕೆಗೆ ಬರುವುದಿಲ್ಲ, ಅದೇ ವಿಧಾನದಲ್ಲಿ ಮತ್ತೆ ಅಳೆದಾಗ ವ್ಯತ್ಯಾಸ ಕಾಣಲಿಲ್ಲ ಅಂತ. ನಿಮ್ಮ ಹೆಸರು ಬೇಡ, ಕಾಲುವೆ ಕತೆಯೂ ಬೇಡ."

"ಬೇರೆ ವಿಧಾನ ಅಂದ್ರೆ ಯಾವ ವಿಧಾನ ಅಂತ ಅವರು ಕೇಳಲ್ವಾ? ಆಗೇನ್ ಹೇಳ್ತೀಯ? ತಡವರಿಸಿದ್ರೆ ನಂಬ್ತಾರಾ? ಇದ್ದದ್ದು ಇದ್ದ ಹಾಗೆ ಬರಿ. ಸೀತಾ ಗಿರಿಧರ್ ಅನ್ನೋರು ಸೋಮಸೂತ್ರ ದಾಟದೆ ಎರಡು ಭಾಗವಾಗಿ ಅಳೆದರು, ಗಂಟು ಎರಡು ಸಲ ಲೆಕ್ಕಕ್ಕೆ ಬಂತು, ಎರಡೂ ಸಲ ಹಾಗೇ ಆಯ್ತು."

"ಸಮಿತಿಯವರು ನಗ್ತಾರೆ, ಸೀತಕ್ಕ."

"ನಗಲಿ ಬಿಡು. ಮರಕ್ಕೇನಾಗತ್ತೆ ಅದರಿಂದ?"

ಮೋಹನ್ ಮಾತ್ರ ಅಷ್ಟು ಹೊತ್ತಿಗೇ ನಗಲು ಆರಂಭಿಸಿದ್ದರು. ಸೀತಮ್ಮನವರು ಅವರನ್ನು ಒಮ್ಮೆ ದಿಟ್ಟಿಸಿ ನೋಡಿ, ಚೀಲದಿಂದ ಡಬ್ಬಿಯನ್ನು ತೆಗೆದು, ಮೂವರಿಗೂ ಮೊಸರನ್ನ ಬಡಿಸಿದರು.

ಮುಂದೆ ನಡೆದದ್ದು ಇಷ್ಟು.

ಭಾವನಾ ವರದಿಯನ್ನು ಇದ್ದದ್ದು ಇದ್ದಂತೆ, ಹೆಸರು ಸಮೇತ, ಮೇ ಹದಿನೇಳರಂದು ಸಲ್ಲಿಸಿದರು. ೨೦೨೪ನೆಯ ಮೇ ಇಪ್ಪತ್ತೊಂದು, ಮಂಗಳವಾರ, ಸಮಿತಿ ಮರವನ್ನು ಕಡಿಯಬೇಕಾಗಿಲ್ಲವೆಂದು ತೀರ್ಮಾನಿಸಿತು. ಸೋಮಸೂತ್ರದ ವಾಕ್ಯವನ್ನು ಓದಿದಾಗ ಇಬ್ಬರು ಸದಸ್ಯರು ನಕ್ಕರು. ಒಬ್ಬರು, ತಾವೂ ದಾಟುತ್ತಿರಲಿಲ್ಲವೆಂದರು. ರಸ್ತೆಯ ಮೇಲೆ ಚಾಚಿದ್ದ ಎರಡು ಕೊಂಬೆಗಳನ್ನು ಜೂನ್ ಐದರಂದು ಕತ್ತರಿಸಲಾಯಿತು. ಜೂನ್ ಕೊನೆಯ ವಾರದಲ್ಲಿ ಮರ ಚಿಗುರಿತು.

ಗುಂಪಿನ ದಾಖಲೆಯಲ್ಲಿ ದೊಡ್ಡಹುಣಸೆಯ ಹಳೆಯ ಅಂಕಿಯನ್ನು ಹೊಡೆದುಹಾಕಿ ಹೊಸದನ್ನು ಬರೆಯಲಾಯಿತು. ತಿದ್ದುಪಡಿಗೆ ಸೀತಮ್ಮನವರೇ ತಾರೀಖು ಹಾಕಿ ಸಹಿ ಮಾಡಿದರು. ಆ ನಂತರ ಮಳೆಗಾಲ ಮುಗಿಯುವವರೆಗೆ ಅವರು ಯಾವ ಮರವನ್ನೂ ಅಳೆಯಲು ಹೋಗಲಿಲ್ಲ. ಕಾರಣವನ್ನು ಮನೆಯಲ್ಲಿ ಕೇಳಿದಾಗ ಮಂಡಿನೋವೆಂದರು. ಗಿರಿಧರ್ ಮತ್ತೆ ಕೇಳಲಿಲ್ಲ. ಮರದ ಟೊಳ್ಳಿನ ಒಳಗೋಡೆಯಿಂದ ತೆಗೆದ ಚೂರೊಂದನ್ನು ಇಂಗಾಲದ ಪರೀಕ್ಷೆಗೆ ಕಳುಹಿಸಲಾಗಿತ್ತು. ೨೦೨೫ನೆಯ ಫೆಬ್ರವರಿ ಹನ್ನೊಂದರಂದು ಬಂದ ಉತ್ತರದ ಪ್ರಕಾರ ಅದರ ವಯಸ್ಸು ಸುಮಾರು ಇನ್ನೂರ ಮೂವತ್ತು ವರ್ಷ, ಮೂವತ್ತು ವರ್ಷ ಹೆಚ್ಚು ಅಥವಾ ಕಡಿಮೆ. ಅಷ್ಟು ಸಡಿಲವಾದ ಉತ್ತರವನ್ನು ತಮ್ಮ ಕಂಪನಿಯಾಗಿದ್ದರೆ ಹಿಂದಕ್ಕೆ ಕಳುಹಿಸುತ್ತಿತ್ತೆಂದು ಸೀತಮ್ಮನವರು ಅಭಿಪ್ರಾಯಪಟ್ಟರು.

೨೦೨೫ನೆಯ ಮಾರ್ಚ್ ಹದಿನಾರು, ಭಾನುವಾರ, ಅವರು ದೊಡ್ಡಹುಣಸೆಯನ್ನು ಮತ್ತೆ ಅಳೆದರು. ಈ ಸಲ ಟೇಪು ಹದಿನೈದು ಮೀಟರಿನದು, ಸೊನ್ನೆಯ ತುದಿಯನ್ನು ಹಿಡಿದವರು ಭಾವನಾ. ಕಾಲುವೆಯವರೆಗೆ ಟೇಪನ್ನು ಸೀತಮ್ಮನವರು ಹಿಡಿದು ಬಂದರು. ಅಲ್ಲಿ ಮೋಹನ್ ಕೈಗೆ ಕೊಟ್ಟು, ಹಿಂದಿರುಗಿ, ಇನ್ನೊಂದು ಬದಿಯಿಂದ ಬಂದು ತೆಗೆದುಕೊಂಡರು. ಸುತ್ತಳತೆ ಹನ್ನೊಂದು ಮೀಟರು ಹದಿಮೂರು ಸೆಂಟಿಮೀಟರು.